ಹತ್ತಿ ನಾಡಿನ ಸಾವಿರ ದೇವತೆಗಳು ಮತ್ತು ನಾಲ್ಕು ಹೆಸರುಗಳು

ಭಾರತದ ಪ್ರಾಚೀನ ಇತಿಹಾಸವನ್ನು ಓದಿದ ವಿದ್ಯಾರ್ಥಿಗೆ ಹಿಟ್ಟೈಟರ ಪರಿಚಯವಾಗುವುದು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ. ಏಷ್ಯಾ ಮೈನರಿನ ಬೊಗಜ್‌ಕೊಯ್ ಎಂಬಲ್ಲಿ ದೊರೆತ ಕ್ರಿ.ಪೂ. 14ನೆಯ ಶತಮಾನದ ಶಾಸನದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ ಎಂಬುದೇ ಆ ವಾಕ್ಯ. ಪರೀಕ್ಷೆಯಲ್ಲಿ ಎರಡು ಅಂಕಗಳಿಗೆ ಅದು ಸಾಕಾಗುತ್ತದೆ. ಆದರೆ ಐದು ಶತಮಾನಗಳಿಗೂ ಹೆಚ್ಚು ಕಾಲ ಅನಟೋಲಿಯದಲ್ಲಿ ಬಾಳಿ, ಈಜಿಪ್ಟು ಮತ್ತು ಬಾಬಿಲೋನಿಗೆ ಸರಿಸಮನಾಗಿ ನಿಂತು, ಮೂವತ್ತು ಸಾವಿರದಷ್ಟು ಮಣ್ಣಿನ ಫಲಕಗಳನ್ನೂ ತುಣುಕುಗಳನ್ನೂ ಬಿಟ್ಟುಹೋದ ಒಂದು ಜನಾಂಗವು ಈ ಒಂದು ವಾಕ್ಯದ ಹಿಂದೆ ಪೂರ್ತಿಯಾಗಿ ಮರೆಯಾಗಿದೆ. ಇದಕ್ಕಿಂತ ದೊಡ್ಡ ವಿಪರ್ಯಾಸವೆಂದರೆ, ಹಿಟ್ಟೈಟರನ್ನು ನೆನೆಯಲು ಕಾರಣವಾದ ಆ ನಾಲ್ಕು ದೇವತೆಗಳು ಹಿಟ್ಟೈಟರ ದೇವತೆಗಳೇ ಅಲ್ಲ.

‘ಶಾಸನ’ ಎಂಬ ಪದವೇ ಇಲ್ಲಿ ಓದುಗನನ್ನು ಮೊದಲು ದಾರಿ ತಪ್ಪಿಸುತ್ತದೆ. ಕನ್ನಡದ ವಿದ್ಯಾರ್ಥಿಗೆ ಶಾಸನವೆಂದರೆ ಕಲ್ಲು ಅಥವಾ ತಾಮ್ರಪಟ. ಊರ ಮುಂದೆಯೋ ಬಸದಿಯ ಅಂಗಳದಲ್ಲಿಯೋ ನಿಂತು ಲೋಕಕ್ಕೆ ಸಾರುವ ಬರೆಹ. ಬೊಗಜ್‌ಕೊಯ್‌ನಲ್ಲಿ ದೊರೆತದ್ದು ಅಂಥದಲ್ಲ. ಅದು ಹಸಿ ಮಣ್ಣಿನ ಫಲಕದ ಮೇಲೆ ಬೆಣೆಲಿಪಿಯಲ್ಲಿ, ಅಂದಿನ ರಾಜತಾಂತ್ರಿಕ ಭಾಷೆಯಾಗಿದ್ದ ಅಕ್ಕೇಡಿಯನ್ನಿನಲ್ಲಿ ಬರೆದ ಒಂದು ಒಪ್ಪಂದಪತ್ರ. ಹಿಟ್ಟೈಟ್ ದೊರೆ ಒಂದನೆಯ ಸುಪ್ಪಿಲುಲಿಯುಮ ಒಂದು ಪಕ್ಷ. ಉತ್ತರ ಸಿರಿಯಾ ಮತ್ತು ಮೇಲಣ ಮೆಸೊಪೊಟೇಮಿಯವನ್ನು ಆಳಿದ ಮಿತನ್ನಿ ರಾಜ್ಯದ ಶತ್ತಿವಾಜ ಇನ್ನೊಂದು ಪಕ್ಷ. ತಂದೆ ತುಶ್ರತ್ತ ಕೊಲೆಯಾದ ಮೇಲೆ ದೇಶಭ್ರಷ್ಟನಾಗಿ ಅಲೆದ ಶತ್ತಿವಾಜ ಹಿಟ್ಟೈಟ್ ದೊರೆಯ ಆಶ್ರಯ ಪಡೆದು, ಅವನ ಮಗಳನ್ನು ಮದುವೆಯಾಗಿ, ಅವನ ಸೈನ್ಯದ ಬಲದಿಂದ ಸಿಂಹಾಸನಕ್ಕೆ ಮರಳಿದವನು. ಒಪ್ಪಂದವು ಸಮಾನರ ನಡುವಣದೆಂಬಂತೆ ಕಂಡರೂ ಒಳಗೆ ಅಧೀನನೊಬ್ಬನ ಪ್ರತಿಜ್ಞೆ.

ಅಂದಿನ ಪದ್ಧತಿಯಂತೆ ಇಂಥ ಒಪ್ಪಂದಕ್ಕೆ ಎರಡೂ ನಾಡುಗಳ ದೇವತೆಗಳನ್ನು ಸಾಕ್ಷಿಯಾಗಿ ಕರೆಯಬೇಕಿತ್ತು. ಮೊದಲು ಹತ್ತಿ ನಾಡಿನ, ಅಂದರೆ ಹಿಟ್ಟೈಟರ, ದೇವತೆಗಳ ಉದ್ದನೆಯ ಪಟ್ಟಿ. ಬಳಿಕ ಮಿತನ್ನಿಯ ದೇವತೆಗಳ ಪಟ್ಟಿ. ಮಿತ್ರಾದಿಗಳು ಬರುವುದು ಈ ಎರಡನೆಯ ಪಟ್ಟಿಯಲ್ಲಿ, ಅದರ ಆರಂಭದಲ್ಲಿಯೂ ಅಲ್ಲ. ಮೊದಲ ಸ್ಥಾನ ಹುರಿಯನ್ನರ ಸಿಡಿಲದೇವತೆ ತೇಶುಬನದು. ಚಂದ್ರ, ಸೂರ್ಯ, ಹರಾನಿನ ಚಂದ್ರದೇವತೆ, ಮೆಸೊಪೊಟೇಮಿಯದ ಈಯ, ಅನು, ಎನ್‌ಲಿಲ್ ಮುಂತಾದವರೆಲ್ಲ ಬಂದು ಹೋದ ಮೇಲೆ ಈ ನಾಲ್ಕು ಹೆಸರುಗಳು ಕಾಣಿಸಿಕೊಳ್ಳುತ್ತವೆ. ಮತ್ತೆ ಬೇರೆ ದೇವತೆಗಳು, ಕೊನೆಗೆ ಬೆಟ್ಟಗಳು, ನದಿಗಳು, ಆಕಾಶ, ಭೂಮಿ. ಮಿತ್ರ, ವರುಣರ ಹೆಸರುಗಳಿಗೆ ಬಹುವಚನದ ದೇವತಾಚಿಹ್ನೆಯೂ ಹುರಿಯನ್ ಭಾಷೆಯ ಪ್ರತ್ಯಯವೂ ಅಂಟಿಕೊಂಡಿವೆ. ಎಂದರೆ, ಬರೆದ ಲಿಪಿಕಾರನಿಗೆ ಅವು ಆಗಲೇ ಹುರಿಯನ್ ಬಾಯಿಯ ಮೂಲಕ ಬಂದ ಹೆಸರುಗಳು.

ಇದನ್ನು ಹೇಳುವುದರಿಂದ ಆ ನಾಲ್ಕು ಹೆಸರುಗಳ ಬೆಲೆ ಕಡಿಮೆಯಾಗುವುದಿಲ್ಲ. 1906ರಲ್ಲಿ ಹ್ಯೂಗೋ ವಿಂಕ್ಲರ್ ಮತ್ತು ಥಿಯೊಡೋರ್ ಮಾಕ್ರಿಡಿ ಬೊಗಜ್‌ಕೊಯ್‌ನಲ್ಲಿ ಉತ್ಖನನ ಆರಂಭಿಸಿ, ಮರುವರ್ಷವೇ ವಿಂಕ್ಲರ್ ಈ ಹೆಸರುಗಳನ್ನು ಪ್ರಕಟಿಸಿದಾಗ ವಿದ್ವತ್‌ಲೋಕ ಬೆರಗಾದದ್ದು ಸಹಜವೇ. ವೈದಿಕ ಸಾಹಿತ್ಯದ ಕಾಲನಿರ್ಣಯಕ್ಕೆ ಭಾರತದ ಹೊರಗೆ ಸಿಕ್ಕ ಖಚಿತವಾದ ಊರುಗೋಲು ಅದು. ಅದೇ ಸಂಗ್ರಹದಲ್ಲಿ ದೊರೆತ, ಮಿತನ್ನಿ ನಾಡಿನ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಕೈಪಿಡಿಯಲ್ಲಿ ಕುದುರೆಗಳನ್ನು ಓಡಿಸುವ ಸುತ್ತುಗಳಿಗೆ ಐಕ, ತೇರ, ಪಂಜ, ಸತ್ತ ಎಂದು ಎಣಿಕೆಯ ಪದಗಳಿವೆ. ಸಂಸ್ಕೃತ ಬಲ್ಲವನಿಗೆ ಇವುಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿತನ್ನಿಯ ಅರಸುಮನೆತನದ ಹಿನ್ನೆಲೆಯಲ್ಲಿ ಇಂಡೋ-ಆರ್ಯನ್ ನುಡಿಯ ಒಂದು ಪದರವಿತ್ತೆಂಬುದು ನಿರ್ವಿವಾದ. ಆದರೆ ಅದು ಮಿತನ್ನಿಯ ಕಥೆ. ಹಿಟ್ಟೈಟರ ರಾಜ್ಯಪೂಜೆಯಲ್ಲಿ ಇಂದ್ರನಿಗೆ ಗುಡಿಯಿರಲಿಲ್ಲ, ವರುಣನಿಗೆ ಹಬ್ಬವಿರಲಿಲ್ಲ. ಮನೆಯ ಕಪಾಟಿನಲ್ಲಿ ನೆರೆಯವನ ಪತ್ರ ಸಿಕ್ಕಿತೆಂದು ಮನೆಯೊಡೆಯನನ್ನೇ ನೆರೆಯವನೆಂದು ತಿಳಿಯುವುದು ಸಂಶೋಧನೆಯ ಕ್ರಮವಲ್ಲ.

ಹಾಗಾದರೆ ಮನೆಯೊಡೆಯ ಯಾರು? ಹಿಟ್ಟೈಟರು ತಮ್ಮ ಭಾಷೆಯನ್ನು ‘ಹಿಟ್ಟೈಟ್’ ಎಂದು ಕರೆದುಕೊಂಡವರೇ ಅಲ್ಲ. ಅವರಿಗೆ ಅದು ನೇಶ ಎಂಬ ಊರಿನ ನುಡಿ, ‘ನೇಶಿಲಿ’. ಇಂದಿನ ಕುಲ್ತೆಪೆಯೇ ಆ ನೇಶ. 1915ರಲ್ಲಿ ಚೆಕ್ ವಿದ್ವಾಂಸ ಬೆಡ್ರಿಚ್ ಹ್ರೋಜ್ನಿ ಅದು ಇಂಡೋ-ಯುರೋಪಿಯನ್ ಭಾಷೆಯೆಂದು ತೋರಿಸಿಕೊಟ್ಟ. ನೀರಿಗೆ ‘ವಾತರ್’ ಎನ್ನುವ, ತಿನ್ನುವುದಕ್ಕೆ ಸಂಸ್ಕೃತದ ‘ಅದ್’ ಧಾತುವಿಗೆ ಬಂಧುವಾದ ಕ್ರಿಯಾಪದವನ್ನು ಬಳಸುವ ಒಂದು ಸಣ್ಣ ವಾಕ್ಯ ಅವನಿಗೆ ಬೀಗದ ಕೈಯಾಯಿತು. ಸೊಸ್ಯೂರ್ 1879ರಲ್ಲಿ ಕೇವಲ ತರ್ಕದಿಂದ ಊಹಿಸಿದ್ದ ಕಳೆದುಹೋದ ಧ್ವನಿಗಳು ಈ ಭಾಷೆಯಲ್ಲಿ ಉಳಿದಿವೆಯೆಂದು ಕುರಿವೋವಿಚ್ 1927ರಲ್ಲಿ ತೋರಿಸಿದ ಸಂಗತಿಯನ್ನು ಭಾಷಾವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಆದರೆ ಈ ಹೆಸರಿನ ‘ಹತ್ತಿ’ ಎಂಬ ಭಾಗ ಅವರಿಗಿಂತ ಮೊದಲೇ ಆ ನೆಲದಲ್ಲಿದ್ದ, ಬೇರೆಯೇ ಭಾಷಾಕುಲಕ್ಕೆ ಸೇರಿದ ಜನರದು. ಬಂದವರು ನಾಡಿನ ಹೆಸರನ್ನು ಉಳಿಸಿಕೊಂಡರು, ರಾಜಧಾನಿ ಹತ್ತುಶದ ಹೆಸರನ್ನು ಉಳಿಸಿಕೊಂಡರು, ದೇವತೆಗಳನ್ನೂ ಉಳಿಸಿಕೊಂಡರು.

ಹೆಚ್ಚು ಗಮನಾರ್ಹವಾದುದೆಂದರೆ ಆ ದೇವತೆಗಳ ಭಾಷೆಯನ್ನೂ ಉಳಿಸಿಕೊಂಡದ್ದು. ಹತ್ತುಶದ ಪೂಜಾವಿಧಿಗಳ ಫಲಕಗಳಲ್ಲಿ ಕ್ರಿಯೆಯ ವಿವರಣೆ ನೇಶಿಲಿಯಲ್ಲಿರುತ್ತದೆ. ಆದರೆ ಹಾಡುವವನು ಈಗ ಹತ್ತಿ ನುಡಿಯಲ್ಲಿ ಹಾಡಬೇಕು, ಈಗ ಲುವಿಯನ್ನಿನಲ್ಲಿ, ಈಗ ಪಲಾ ನುಡಿಯಲ್ಲಿ, ಈಗ ಹುರಿಯನ್ನಿನಲ್ಲಿ ಎಂಬ ಸೂಚನೆಗಳು ನಡುನಡುವೆ ಬರುತ್ತವೆ. ಹತ್ತಿ ನುಡಿ ಜನರ ಬಾಯಲ್ಲಿ ಸತ್ತುಹೋದ ಮೇಲೂ ಪುರೋಹಿತರ ಬಾಯಲ್ಲಿ ಬದುಕಿತ್ತು. ದೇವತೆಗೆ ತನ್ನ ನುಡಿಯಲ್ಲಿ ಮಾತನಾಡಿಸಿದರೆ ಮಾತ್ರ ಅರ್ಥವಾಗುತ್ತದೆಂಬ ನಂಬಿಕೆ ಇದರ ಹಿಂದಿದೆ.

‘ಹತ್ತಿ ನಾಡಿನ ಸಾವಿರ ದೇವತೆಗಳು’ ಎಂಬುದು ಅವರೇ ಬಳಸಿದ ಮಾತು. ಗೆದ್ದ ನಾಡಿನ ದೇವತೆಗಳು ತಮ್ಮ ಗುಡಿಗಳಿಗೆ ಬರಲೆಂದು ಅವರು ನೆಲದ ಮೇಲೆ ಸುಗಂಧತೈಲ, ಜೇನು, ಗಂಜಿಗಳಿಂದ ದಾರಿಗಳನ್ನು ಎಳೆದು, ಎಲ್ಲಿದ್ದರೂ ಈ ದಾರಿ ಹಿಡಿದು ಬನ್ನಿರೆಂದು ಕರೆಯುತ್ತಿದ್ದರು. 13ನೆಯ ಶತಮಾನದ ರಾಣಿ ಪುದುಹೇಪ ಹುರಿಯನ್ ಸಂಸ್ಕಾರದಿಂದ ಬಂದ ಪುರೋಹಿತನ ಮಗಳು. ಅವಳು ಅರಿನ್ನ ಪಟ್ಟಣದ ಸೂರ್ಯದೇವಿಗೆ ಸಲ್ಲಿಸಿದ ಪ್ರಾರ್ಥನೆಯಲ್ಲಿ, ಹತ್ತಿ ನಾಡಿನಲ್ಲಿ ನಿನಗೆ ಈ ಹೆಸರು, ದೇವದಾರುಗಳ ನಾಡಿನಲ್ಲಿ ಹೆಬಾತ್ ಎಂಬ ಹೆಸರು ಎಂಬರ್ಥದ ಮಾತು ಬರುತ್ತದೆ. ರಾಜಧಾನಿಯ ಪಕ್ಕದ ಯಾಜಿಲಿಕಾಯದ ಬಂಡೆಗಳಲ್ಲಿ ದೇವತೆಗಳ ಎರಡು ಮೆರವಣಿಗೆಗಳು ಎದುರುಬದುರಾಗಿ ಬಂದು ಕೂಡುತ್ತವೆ. ಒಂದು ಕಡೆಯಿಂದ ದೇವರು, ಇನ್ನೊಂದು ಕಡೆಯಿಂದ ದೇವಿಯರು. ನಡುವೆ ಸೇರುವವರು ತೇಶುಬ್ ಮತ್ತು ಹೆಬಾತ್. ಹಿಟ್ಟೈಟ್ ಸಾಮ್ರಾಜ್ಯದ ಹೃದಯದಲ್ಲಿ, ಲುವಿಯನ್ ಚಿತ್ರಲಿಪಿಯಲ್ಲಿ, ಹುರಿಯನ್ ಹೆಸರುಗಳು!

ಇದನ್ನು ಕಂಡು ಕೆಲವರು ಧಾರ್ಮಿಕ ಸಹಿಷ್ಣುತೆಯ ಮಾತನ್ನಾಡುತ್ತಾರೆ. ಆ ಪದ ಇಲ್ಲಿ ಹೊಂದುವುದಿಲ್ಲ. ಗೆದ್ದ ಊರುಗಳಿಂದ ವಿಗ್ರಹಗಳನ್ನು ಹೊತ್ತು ತಂದವರು, ಸಾವಿರಾರು ಜನರನ್ನು ಸೆರೆಹಿಡಿದು ಸಾಗಿಸಿದವರು ಇದೇ ದೊರೆಗಳು. ಅದನ್ನು ತಮ್ಮ ವಾರ್ಷಿಕ ವೃತ್ತಾಂತಗಳಲ್ಲಿ ಅವರು ಮುಚ್ಚಿಟ್ಟಿಲ್ಲ. ಅನ್ಯ ದೇವತೆಯನ್ನು ಒಳಗೆ ಕರೆದದ್ದು ಔದಾರ್ಯದಿಂದಲ್ಲ, ಭಯದಿಂದ. ಪಟ್ಟಿಯಲ್ಲಿ ಬಿಟ್ಟುಹೋದ ಒಂದು ದೇವತೆಯ ಸಿಟ್ಟು ಇಡೀ ನಾಡನ್ನು ಹಾಳುಮಾಡಬಲ್ಲದು ಎಂಬ ಭಯ ಅದು. ಒಪ್ಪಂದಗಳ ದೇವತಾಪಟ್ಟಿಗಳು ಅಷ್ಟು ಉದ್ದವಾಗಿರುವುದಕ್ಕೂ, ಅವುಗಳಲ್ಲಿ ಪರನಾಡಿನ ಮಿತ್ರ ವರುಣರಿಗೂ ಜಾಗ ಸಿಕ್ಕುವುದಕ್ಕೂ ಈ ಭಯವೇ ಕಾರಣ. ಹಿಟ್ಟೈಟ್ ಧರ್ಮದ ತಿರುಳನ್ನು ಹುಡುಕುವವರು ದೇವತೆಗಳ ಹೆಸರುಗಳಿಗಿಂತ ಈ ಭಯವು ಯಾವ ಬಗೆಯ ಬರೆಹವನ್ನು ಹುಟ್ಟಿಸಿತೆಂಬುದನ್ನು ನೋಡಬೇಕು. ಸಾಹಿತ್ಯದ ವಿದ್ಯಾರ್ಥಿಗೆ ನಿಜವಾದ ನಿಧಿ ಇರುವುದು ಅಲ್ಲಿ.

ಆ ನಿಧಿಯೆಂದರೆ ಎರಡನೆಯ ಮುರ್ಶಿಲಿಯ ಪಿಡುಗಿನ ಪ್ರಾರ್ಥನೆಗಳು. ಮುರ್ಶಿಲಿ ಸುಪ್ಪಿಲುಲಿಯುಮನ ಮಗ. ತಂದೆಯ ಕೊನೆಗಾಲದಲ್ಲಿ ಈಜಿಪ್ಟಿನ ಯುದ್ಧಕೈದಿಗಳ ಮೂಲಕ ಹತ್ತಿ ನಾಡಿಗೆ ಬಂದ ಸಾಂಕ್ರಾಮಿಕ ರೋಗ ಇಪ್ಪತ್ತು ವರ್ಷಗಳಾದರೂ ನಿಲ್ಲಲಿಲ್ಲ. ತಂದೆಯ ನಂತರ ಪಟ್ಟಕ್ಕೆ ಬಂದ ಅಣ್ಣ ಅರ್ನುವಂದನೂ ಬಹುಬೇಗ ತೀರಿಕೊಂಡ. ಚಿಕ್ಕ ವಯಸ್ಸಿನಲ್ಲಿ ಸಿಂಹಾಸನವೇರಿದ ಮುರ್ಶಿಲಿಯ ಮುಂದೆ ಸಾಯುತ್ತಿರುವ ನಾಡಿತ್ತು. ಅವನು ದೇವತೆಗಳಿಗೆ ಕೇಳಿದ ಪ್ರಶ್ನೆ ಒಂದೇ: ಏಕೆ?

ಉತ್ತರವನ್ನು ಅವನು ಹುಡುಕಿದ ರೀತಿ ಇಂದಿನ ಸಂಶೋಧಕನನ್ನೂ ತಡೆದು ನಿಲ್ಲಿಸುತ್ತದೆ. ಅವನು ಶಕುನಗಳನ್ನು ಕೇಳಿಸಿದ, ಜೊತೆಗೆ ಹಳೆಯ ಫಲಕಗಳನ್ನು ನೋಡಿದ. ಎರಡು ಫಲಕಗಳು ಸಿಕ್ಕವು. ಒಂದು ಮಾಲಾ ನದಿಗೆ, ಎಂದರೆ ಯೂಫ್ರೆಟಿಸಿಗೆ, ಸಲ್ಲಬೇಕಾಗಿದ್ದು ನಿಂತುಹೋಗಿದ್ದ ಬಲಿಯ ಕುರಿತದ್ದು. ಇನ್ನೊಂದು ಕುರುಸ್ತಮ ಎಂಬ ಊರಿನ ಜನರನ್ನು ಕುರಿತು ಈಜಿಪ್ಟಿನೊಂದಿಗೆ ಮಾಡಿಕೊಂಡಿದ್ದ ಹಳೆಯ ಒಪ್ಪಂದ. ದೇವತೆಗಳ ಸಾಕ್ಷಿಯಲ್ಲಿ ಆದ ಆ ಒಪ್ಪಂದ ಜಾರಿಯಲ್ಲಿರುವಾಗಲೇ ತಂದೆ ಈಜಿಪ್ಟಿನ ಗಡಿಸೀಮೆಯಾದ ಅಮ್ಕದ ಮೇಲೆ ದಾಳಿ ಮಾಡಿಸಿದ್ದ. ಇದೇ ಕಾರಣವೇ ಎಂದು ಮುರ್ಶಿಲಿ ಮತ್ತೆ ಶಕುನ ಕೇಳಿಸಿದ. ಹೌದೆಂಬ ಉತ್ತರ ಬಂತು. ಮತ್ತೊಂದು ಪ್ರಾರ್ಥನೆಯಲ್ಲಿ ಇದಕ್ಕೂ ಘೋರವಾದ ಸಂಗತಿಯಿದೆ. ತಂದೆಯೂ ಅವನ ಜೊತೆಗಾರರೂ ಕಿರಿಯ ತುದ್ಹಲಿಯನಿಗೆ ನಿಷ್ಠೆಯ ಪ್ರಮಾಣ ಮಾಡಿ, ಬಳಿಕ ಆ ಪ್ರಮಾಣವನ್ನು ಮುರಿದಿದ್ದರು, ತುದ್ಹಲಿಯ ಕೊಲೆಯಾಗಿದ್ದ. ಸಾಮ್ರಾಜ್ಯವನ್ನು ಕಟ್ಟಿದ ಮಹಾಪುರುಷನ ಮೇಲೆ ಅವನ ಮಗನೇ, ಅವನಿಂದಲೇ ಸಿಂಹಾಸನವನ್ನು ಪಡೆದವನೇ, ಬರೆದಿಟ್ಟ ಆರೋಪವಿದು.

ಇಲ್ಲಿ ಒಂದು ವಿಷಯವನ್ನು ಸಾಹಿತ್ಯ ವಿಮರ್ಶಕರು ವಿಶೇಷವಾಗಿ ಗಮನಿಸಬೇಕು. ಇದೇ ಮುರ್ಶಿಲಿ ತನ್ನ ತಂದೆಯ ಸಾಹಸಗಳನ್ನು ಕುರಿತು ಒಂದು ವಿಸ್ತಾರವಾದ ಚರಿತೆಯನ್ನೂ ಬರೆಸಿದ್ದಾನೆ. ಅದರಲ್ಲಿ ಅಮ್ಕದ ದಾಳಿ ದೊರೆಯ ಮತ್ತೊಂದು ಗೆಲುವು ಮಾತ್ರ. ಪತಿಯನ್ನು ಕಳೆದುಕೊಂಡ ಈಜಿಪ್ಟಿನ ರಾಣಿ ತನಗೆ ಗಂಡನಾಗಿ ಒಬ್ಬ ಮಗನನ್ನು ಕಳುಹಿಸೆಂದು ಸುಪ್ಪಿಲುಲಿಯುಮನಿಗೆ ಬರೆದ ಪ್ರಸಿದ್ಧ ಪ್ರಸಂಗವೂ ಅಲ್ಲಿಯೇ ಇದೆ. ಅನುಮಾನಪಟ್ಟ ದೊರೆ ತನ್ನ ಅಧಿಕಾರಿಯನ್ನು ಕಳುಹಿಸಿ ವಿಚಾರಿಸಿಕೊಂಡ. ಈಜಿಪ್ಟಿನ ದೂತ ಬಂದಾಗ ಕುರುಸ್ತಮದ ಹಳೆಯ ಒಪ್ಪಂದದ ಫಲಕವನ್ನು ತರಿಸಿ, ಎರಡು ನಾಡುಗಳ ಹಳೆಯ ಸ್ನೇಹಕ್ಕೆ ಸಾಕ್ಷಿಯಾಗಿ ಅದನ್ನು ಓದಿಸಿದ. ಮಗನನ್ನು ಕಳುಹಿಸಿದ, ಆ ರಾಜಕುಮಾರ ಕೊಲೆಯಾದ, ಯುದ್ಧವಾಯಿತು, ಕೈದಿಗಳ ಜೊತೆ ರೋಗ ಬಂತು. ಚರಿತೆಯಲ್ಲಿ ಹೆಮ್ಮೆಯಿಂದ ಓದಿಸಲಾದ ಆ ಒಪ್ಪಂದವೇ ಪ್ರಾರ್ಥನೆಯಲ್ಲಿ ಅಪರಾಧದ ಸಾಕ್ಷ್ಯವಾಗುತ್ತದೆ. ಬರೆಸಿದವನು ಒಬ್ಬನೇ, ಘಟನೆಗಳು ಅವೇ. ಬೇರೆಯಾಗಿರುವುದು ಕೇಳುವ ಕಿವಿ. ಚರಿತೆಯನ್ನು ಕೇಳುವವರು ಮನುಷ್ಯರು, ಪ್ರಾರ್ಥನೆಯನ್ನು ಕೇಳುವವರು ದೇವತೆಗಳು. ಮನುಷ್ಯರಿಗೆ ಪ್ರಶಸ್ತಿ ಸಾಕು. ದೇವತೆಗಳ ಮುಂದೆ ಪ್ರಶಸ್ತಿ ನಡೆಯುವುದಿಲ್ಲವೆಂಬ ಅರಿವು ಮುರ್ಶಿಲಿಗಿತ್ತು. ಪ್ರಶಸ್ತಿಗಳನ್ನು ಓದಿ ರಾಜರ ಚರಿತ್ರೆ ಬರೆಯುವ ಯಾವ ನಾಡಿನ ಸಂಶೋಧಕನೇ ಆಗಲಿ, ಈ ಎರಡು ಪಠ್ಯಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಬೇಕು.

ಈ ಪ್ರಾರ್ಥನೆಗಳನ್ನು ಭಕ್ತಿಸಾಹಿತ್ಯದ ಅಳತೆಗೋಲಿನಿಂದ ಅಳೆಯಹೋದರೆ ನಿರಾಸೆಯಾದೀತು. ಅಲ್ಲಿ ಕರಗುವಿಕೆಯಿಲ್ಲ, ವಾದವಿದೆ. ಅವರು ಬಳಸುವ ‘ಅರ್ಕುವರ್’ ಎಂಬ ಪದಕ್ಕೆ ನ್ಯಾಯಾಲಯದಲ್ಲಿ ತನ್ನ ಪರವಾಗಿ ಹೇಳಿಕೊಳ್ಳುವ ಅಹವಾಲು ಎಂಬ ಅರ್ಥವೇ ಸಮೀಪ. ಪಾಪ ಮಾಡಿದವನು ತಂದೆ, ತಾನಲ್ಲ; ಆದರೂ ತಂದೆಯ ಪಾಪ ಮಗನಿಗೆ ಬರುತ್ತದೆಂಬುದನ್ನು ಒಪ್ಪುತ್ತೇನೆ; ಒಪ್ಪಿಕೊಂಡದ್ದರಿಂದ ಕ್ಷಮಿಸಬೇಕು; ಈಗಾಗಲೇ ನಾಡು ಹಲವು ಪಟ್ಟು ದಂಡ ತೆತ್ತಿದೆ. ವಾದ ಹೀಗೆ ಸಾಗುತ್ತದೆ. ಜನರೆಲ್ಲ ಸತ್ತರೆ ದೇವತೆಗಳಿಗೆ ರೊಟ್ಟಿ ಇಡುವವರು, ಪಾನೀಯ ಎರೆಯುವವರು ಯಾರು ಎಂಬ ಪ್ರಶ್ನೆಯೂ ಬರುತ್ತದೆ. ಅದರಲ್ಲಿ ವಿನಯಕ್ಕಿಂತ ಹೆಚ್ಚಾಗಿ ಲೆಕ್ಕಾಚಾರವಿದೆ. ನಡುವೆ ಎರಡು ಸರಳ ಹೋಲಿಕೆಗಳು. ಹಕ್ಕಿ ತನ್ನ ಗೂಡನ್ನು ಹೊಕ್ಕರೆ ಗೂಡು ಅದನ್ನು ಕಾಯುತ್ತದೆ. ಆಳು ತಪ್ಪನ್ನು ಒಪ್ಪಿಕೊಂಡರೆ ಒಡೆಯನ ಮನಸ್ಸು ಶಾಂತವಾಗುತ್ತದೆ. ಇನ್ನೂ ಬೇರೆ ಕಾರಣವಿದ್ದರೆ ಕನಸಿನಲ್ಲಾದರೂ ಶಕುನದಲ್ಲಾದರೂ ದೈವಾವೇಶದವನ ಬಾಯಲ್ಲಾದರೂ ತಿಳಿಸಿರೆಂಬ ಬೇಡಿಕೆಯಿಂದ ಮಾತು ಮುಗಿಯುತ್ತದೆ. ಅಂದರೆ ವಿಚಾರಣೆ ಮುಗಿದಿಲ್ಲ. ಈ ಗುಂಪಿಗೆ ಸೇರುವ ಒಂದು ತುಣುಕಿನಲ್ಲಿ, ಆ ಹಳೆಯ ಫಲಕಕ್ಕೆ ತಾನು ಒಂದು ಮಾತನ್ನೂ ಸೇರಿಸಿಲ್ಲ, ಒಂದು ಮಾತನ್ನೂ ತೆಗೆದಿಲ್ಲ ಎಂದು ದೊರೆ ಹೇಳಿಕೊಳ್ಳುತ್ತಾನೆ. ಮೂರು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಪಾಠನಿಷ್ಠೆಯ ಪ್ರಮಾಣವಚನವಿದು!

ತೆಲಿಪಿನುವಿನ ಪುರಾಣಕಥೆಯಲ್ಲಿಯೂ ಇದೇ ಭಯ ಬೇರೆ ರೂಪದಲ್ಲಿದೆ. ಕೃಷಿದೇವತೆ ತೆಲಿಪಿನು ಸಿಟ್ಟಾಗಿ, ಅವಸರದಲ್ಲಿ ಎಡಗಾಲಿನ ಪಾದರಕ್ಷೆಯನ್ನು ಬಲಗಾಲಿಗೆ ಮೆಟ್ಟಿಕೊಂಡು ಹೊರಟುಹೋಗುತ್ತಾನೆ. ಒಲೆಯ ಕೊರಡು ಉರಿಯದೆ ಹೊಗೆಯಾಡುತ್ತದೆ, ಕುರಿ ಮರಿಯನ್ನು ಒಲ್ಲದು, ಹಸು ಕರುವನ್ನು ಒಲ್ಲದು, ಜವೆ ಬೆಳೆಯದು. ದೇವತೆಗಳು ಔತಣಕ್ಕೆ ಕೂತು ಉಂಡರೂ ಹಸಿವು ಹಿಂಗದು. ಹುಡುಕಹೋದ ಹದ್ದು ಬರಿದೆ ಮರಳುತ್ತದೆ. ಮುದಿದೇವಿ ಹನ್ನಹನ್ನ ಕಳುಹಿಸಿದ ಜೇನುನೊಣ ಅವನನ್ನು ಕಂಡು, ಕುಟುಕಿ ಎಬ್ಬಿಸಿ, ಸಿಟ್ಟನ್ನು ಇಮ್ಮಡಿಸುತ್ತದೆ. ಕೊನೆಗೆ ಮಂತ್ರಕ್ರಿಯೆಯಿಂದ ಅವನ ಕೋಪವನ್ನು ಬಿಡಿಸಿ ಪಾತಾಳದ ಕಂಚಿನ ಹಂಡೆಗಳಲ್ಲಿ ಹಾಕಿ ಸೀಸದ ಮುಚ್ಚಳ ಮುಚ್ಚಲಾಗುತ್ತದೆ. ಅಲ್ಲಿಗೆ ಹೋದದ್ದು ಮರಳಿ ಬರುವುದಿಲ್ಲ. ಇದರಲ್ಲಿ ದೇವತೆಗೆ ಸಿಟ್ಟು ಬಂದ ಕಾರಣವನ್ನು ಹೇಳಬೇಕಾದ ಭಾಗ ಒಡೆದುಹೋಗಿದೆ. ಮುರ್ಶಿಲಿ ಹುಡುಕಿದ್ದು ಅಂಥದೇ ಒಂದು ಕಾರಣವನ್ನು.

ಇಷ್ಟು ಸಂಪತ್ತಿರುವ ಒಂದು ಸಂಸ್ಕೃತಿಯನ್ನು ನಾಲ್ಕು ಹೆಸರುಗಳಿಗೆ ಇಳಿಸಿದ್ದು ಭಾರತೀಯ ಅಧ್ಯಯನಕ್ಕೇ ಆದ ನಷ್ಟ. ಆ ಹೆಸರುಗಳನ್ನು ಹಿಡಿದು ಆರ್ಯರು ಅಲ್ಲಿಂದ ಇಲ್ಲಿಗೆ ಬಂದರೆಂದು ಒಂದು ಪಕ್ಷ, ಇಲ್ಲಿಂದ ಅಲ್ಲಿಗೆ ಹೋದರೆಂದು ಇನ್ನೊಂದು ಪಕ್ಷ ನೂರು ವರ್ಷಗಳಿಂದ ವಾದಿಸುತ್ತ ಬಂದಿವೆ. ಎರಡೂ ಪಕ್ಷಗಳಿಗೆ ಬೇಕಾದದ್ದು ಪಟ್ಟಿಯ ನಡುವಿನ ಒಂದೆರಡು ಸಾಲು. ಅದರ ಮೇಲೂ ಕೆಳಗೂ ಏನಿದೆಯೆಂಬುದು ಯಾರಿಗೂ ಬೇಡ. ಕಾವ್ಯದ ಒಂದು ಪದ್ಯವನ್ನು ಸಂದರ್ಭದಿಂದ ಕಿತ್ತು ಉದ್ಧರಿಸಿದರೆ ವಿದ್ಯಾರ್ಥಿಯನ್ನು ತಿದ್ದುವ ಅಧ್ಯಾಪಕರು ಚರಿತ್ರೆಯ ದಾಖಲೆಯ ವಿಷಯದಲ್ಲಿ ಆ ಶಿಸ್ತನ್ನು ಮರೆಯುತ್ತಾರೆ. ಹಿಟ್ಟೈಟ್ ಪ್ರಾರ್ಥನೆಗಳು, ಪುರಾಣಗಳು, ಸುಮಾರು ಇನ್ನೂರು ವಿಧಿಗಳ ಕಾನೂನು ಸಂಹಿತೆ, ಎಲ್ಲವೂ ಇಂಗ್ಲಿಷ್ ಮತ್ತು ಜರ್ಮನ್ ಅನುವಾದಗಳಲ್ಲಿ ದೊರೆಯುತ್ತವೆ. ತೌಲನಿಕ ಸಾಹಿತ್ಯದ ತರಗತಿಯಲ್ಲಿ ಗ್ರೀಕ್ ದುರಂತ ನಾಟಕಕ್ಕೆ ಮೀಸಲಾದ ವಾರಗಳಲ್ಲಿ ಒಂದನ್ನು ಮುರ್ಶಿಲಿಗೆ ಕೊಟ್ಟರೆ, ತಂದೆಯ ಪಾಪವನ್ನು ಹೊತ್ತ ಮಗನ ಕಥೆ ಗ್ರೀಸಿನಲ್ಲಿಯೇ ಮೊದಲಾಯಿತೆಂಬ ಭಾವನೆಯಾದರೂ ಸಡಿಲವಾಗುತ್ತದೆ.

ಶತ್ತಿವಾಜನ ಒಪ್ಪಂದಕ್ಕೇ ಮರಳುವುದಾದರೆ, ಅದರಲ್ಲಿ ದೇವತೆಗಳ ಪಟ್ಟಿಗಿಂತ ಮುಂಚೆ ಒಂದು ಕರಾರಿದೆ. ಪಠ್ಯಪುಸ್ತಕಗಳು ಅದನ್ನು ಹೇಳುವುದಿಲ್ಲ. ಫಲಕದ ಒಂದು ಪ್ರತಿಯನ್ನು ಅರಿನ್ನದ ಸೂರ್ಯದೇವಿಯ ಮುಂದೆಯೂ ಇನ್ನೊಂದನ್ನು ಮಿತನ್ನಿಯಲ್ಲಿ ತೇಶುಬನ ಮುಂದೆಯೂ ಇಡಬೇಕು. ಮಿತನ್ನಿಯ ದೊರೆಯ ಎದುರಿಗೂ ಪ್ರಜೆಗಳ ಎದುರಿಗೂ ಅದನ್ನು ಮತ್ತೆ ಮತ್ತೆ ಓದಬೇಕು. ಫಲಕವನ್ನು ತೆಗೆದವನು, ಬಚ್ಚಿಟ್ಟವನು, ಒಡೆದವನು, ಅದರ ಮಾತುಗಳನ್ನು ಬದಲಿಸಿದವನು ಆ ದೇವತೆಗಳಿಗೆಲ್ಲ ಉತ್ತರ ಹೇಳಬೇಕು. ಮಿತ್ರ, ವರುಣ, ಇಂದ್ರ, ನಾಸತ್ಯರನ್ನು ಅಲ್ಲಿ ಕರೆದದ್ದು ಈ ಕೆಲಸಕ್ಕೆ.